6174ರ ಆಟದಲ್ಲಿ ಕಾಣೆಯಾಗುವ ಸೊನ್ನೆ
ಕೇಳುಗರೇ, ನಾಸಿಕ್ ಬಳಿಯ ದೇವಳಾಲಿಯಲ್ಲಿ ಮೇಷ್ಟರಾಗಿದ್ದ ಡಿ. ಆರ್. ಕಾಪ್ರೇಕರ್ ಅವರ 6174 ಗೊತ್ತಲ್ಲ? ನಾಲ್ಕಂಕಿಯ ಸಂಖ್ಯೆ ತಗೊಳ್ಳಿ (1111ರಂಥದ್ದು ಬೇಡ). ಅಂಕಿಗಳನ್ನು ಇಳಿಕೆಯಲ್ಲಿ ಜೋಡಿಸಿ, ಅದರಿಂದ ಏರಿಕೆಯದನ್ನು ಕಳೆಯಿರಿ. ಉತ್ತರಕ್ಕೂ ಹಾಗೇ ಮಾಡುತ್ತಾ ಹೋದರೆ ಹೆಚ್ಚೆಂದರೆ ಏಳು ಸಲಕ್ಕೆ 6174 ಬಂದೇ ಬರುತ್ತದೆ.

ಕಾಲೇಜಿನಲ್ಲಿ 'ಸಿ'ಯಲ್ಲಿ ಬರೆದಿದ್ದ ಈ ಪ್ರೋಗ್ರಾಮನ್ನು ಈಗ ಪೈಥಾನ್‌ಗೆ ತರುತ್ತೀರಾ? ಸೊನ್ನೆಯ ಮೇಲೆ ಕಣ್ಣಿರಲಿ. ಸಿಯಲ್ಲಿ ಹತ್ತರಿಂದ ನಾಲ್ಕು ಸಲ ಭಾಗಿಸಿ ಶೇಷ ಹಿಡಿದರೆ 999ಕ್ಕೂ 9, 9, 9, 0 ಸಿಗುತ್ತದೆ. ಪೈಥಾನ್‌ನಲ್ಲಿ ಸುಲಭವೆಂದು ಸಂಖ್ಯೆಯನ್ನು ಸ್ಟ್ರಿಂಗ್ ಮಾಡುತ್ತೀರಿ. ಅಲ್ಲಿ ಮೂರೇ ಅಂಕಿ! 1000 ಕೊಟ್ಟರೆ 999, ಆಮೇಲೆ ಬರೀ ಸೊನ್ನೆ. 6174 ಬರುವವರೆಗೂ ಸುತ್ತು ಎಂದಿದ್ದರೆ ಪ್ರೋಗ್ರಾಂ ನಿಲ್ಲುವುದೇ ಇಲ್ಲ. ಎರರ್ ಕೂಡ ತೋರಿಸದು. ಜೋಡಿಸುವ ಮೊದಲು ಎಡಕ್ಕೆ ಸೊನ್ನೆ ಸೇರಿಸಿ 0999 ಮಾಡಿ. ಆಗ 8991, 8082, 8532, ಕೊನೆಗೆ 6174.