ಲ್ಯಾಬ್ ಹೇಗಿದೆ ಎಂದು ಮಕ್ಕಳನ್ನೇ ಕೇಳಿದರೆ

ಶಾಲೆಯ ಪ್ರಯೋಗಾಲಯ ನೋಡಲು ಬಂದವರು ಮೊದಲು ಬೀರುವಿನ ಬಾಗಿಲು ತೆಗೆಸುತ್ತಾರೆ. ಸೂಕ್ಷ್ಮದರ್ಶಕ ಎಷ್ಟಿವೆ, ಬೀಕರ್ ಎಷ್ಟು ಒಡೆದಿವೆ, ಸ್ಟಾಕ್ ರಿಜಿಸ್ಟರಿಗೆ ಲೆಕ್ಕ ತಾಳೆಯಾಗುತ್ತದೆಯೇ ಎಂದು ನೋಡುತ್ತಾರೆ. ಮೇಜಿನ ಸುತ್ತ ನಿಂತ ಮಕ್ಕಳನ್ನು ಕರೆದು, ಇಲ್ಲಿ ನಿಮಗೆ ಏನನ್ನಿಸುತ್ತದೆ ಎಂದು ಕೇಳುವವರು ಅಪರೂಪ. ಆದರೆ ಕಲಿಯುವವರು ಅವರೇ ಅಲ್ಲವೇ?

ಕೇಳುವುದಕ್ಕೂ ಒಂದು ಅಳತೆಗೋಲಿದೆ. 1990ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದ ಕರ್ಟಿನ್ ವಿಶ್ವವಿದ್ಯಾಲಯದ ಬ್ಯಾರಿ ಫ್ರೇಸರ್ ಮತ್ತು ಸಂಗಡಿಗರು ಪ್ರಯೋಗಾಲಯಕ್ಕೆಂದೇ 35 ಹೇಳಿಕೆಗಳ ಪ್ರಶ್ನಾವಳಿಯೊಂದನ್ನು ಸಿದ್ಧಪಡಿಸಿದರು. ಪ್ರತಿ ಹೇಳಿಕೆಯ ಮುಂದೆ ‘ಹೆಚ್ಚುಕಡಿಮೆ ಹೀಗಾಗುವುದೇ ಇಲ್ಲ’ ಎನ್ನುವಲ್ಲಿಂದ ‘ಬಹಳ ಸಲ ಹೀಗಾಗುತ್ತದೆ’ ಎನ್ನುವವರೆಗೆ ಐದು ಅಂಕಿಗಳು. ಮಕ್ಕಳು ಒಂದಕ್ಕೆ ಸುತ್ತು ಹಾಕಬೇಕು. ಹೇಳಿಕೆಗಳೆಲ್ಲ ಐದು ಸಂಗತಿಗಳ ಸುತ್ತ ಇವೆ. ಜೊತೆಯವರು ಒಬ್ಬರಿಗೊಬ್ಬರು ನೆರವಾಗುತ್ತಾರೆಯೇ, ತಮ್ಮದೇ ದಾರಿಯಲ್ಲಿ ಹುಡುಕಲು ಅವಕಾಶವಿದೆಯೇ, ಪ್ರಯೋಗಕ್ಕೂ ಪಾಠಕ್ಕೂ ನಂಟಿದೆಯೇ, ನಿಯಮಗಳು ಸ್ಪಷ್ಟವಾಗಿವೆಯೇ, ಜಾಗ ಮತ್ತು ಸಲಕರಣೆ ಸಾಕಷ್ಟಿವೆಯೇ. ಬೀರು ತೆಗೆಸಿ ನೋಡಿದವರಿಗೆ ಕಾಣುವುದು ಈ ಐದರಲ್ಲಿ ಕೊನೆಯದೊಂದೇ.

ಇದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಮನುಷ್ಯನ ನಡವಳಿಕೆಯನ್ನು ಅವನ ಸ್ವಭಾವದ ಜೊತೆಗೆ ಸುತ್ತಲ ಪರಿಸರವೂ ತೀರ್ಮಾನಿಸುತ್ತದೆ ಎಂದು ಮನೋವಿಜ್ಞಾನಿ ಕುರ್ಟ್ ಲೆವಿನ್ 1930ರ ದಶಕದಲ್ಲೇ ಹೇಳಿದ್ದರು. ಹೊರಗಿನಿಂದ ನೋಡುವವರಿಗೆ ಕಾಣುವ ಪರಿಸರ ಬೇರೆ, ಒಳಗಿದ್ದು ಅನುಭವಿಸುವವರದು ಬೇರೆ ಎಂದು 1938ರಲ್ಲಿ ಹೆನ್ರಿ ಮರ್ರೆ ತೋರಿಸಿಕೊಟ್ಟರು.

ಫ್ರೇಸರ್ ತಂಡ ತನ್ನ ಪ್ರಶ್ನಾವಳಿಯನ್ನು ಆಸ್ಟ್ರೇಲಿಯಾ, ಅಮೆರಿಕ, ಕೆನಡಾ, ಇಂಗ್ಲೆಂಡ್, ಇಸ್ರೇಲ್, ನೈಜೀರಿಯಾಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಕೈಗೆ ಕೊಟ್ಟಿತು. ದೇಶಗಳು ಇಷ್ಟು ಬೇರೆಯಾದರೂ ಒಂದು ಕೊರತೆ ಎದ್ದು ಕಂಡಿತು: ಸ್ವಂತವಾಗಿ ಹುಡುಕುವ ಅವಕಾಶ ತೀರ ಕಡಿಮೆ. ಏನು ಮಾಡಬೇಕು, ಏನು ಕಾಣಬೇಕು ಎಂಬುದೆಲ್ಲ ಮೊದಲೇ ಬರೆದಿಟ್ಟಿರುತ್ತದೆ.

ನಮ್ಮ ಹೈಸ್ಕೂಲಿನ ಒಂದು ಮಧ್ಯಾಹ್ನ ಇಲ್ಲಿ ನೆನಪಾಗುತ್ತದೆ. ಪೀನ ಮಸೂರದ ನಾಭಿದೂರ ಕಂಡುಹಿಡಿಯುವ ಪ್ರಯೋಗ. ಕಿಟಕಿಯಾಚೆ ಮರ, ಮೇಜಿನ ಮೇಲೆ ಸ್ಟ್ಯಾಂಡಿಗೆ ಸಿಕ್ಕಿಸಿದ ಮಸೂರ, ಹಿಂದೆ ಬಿಳಿ ಹಾಳೆ. ಹಾಳೆಯನ್ನು ಹಿಂದೆ ಮುಂದೆ ಸರಿಸುತ್ತಿದ್ದಂತೆ ಮರ ಪುಟ್ಟದಾಗಿ, ತಲೆಕೆಳಗಾಗಿ ಮೂಡಿತು. ಎಲೆಗಳು ಅಲುಗುವುದೂ ಕಾಣುತ್ತಿತ್ತು. ಪಕ್ಕದ ಗೆಳತಿ ಮಸೂರದ ಅರ್ಧಕ್ಕೆ ಅಂಗೈ ಅಡ್ಡ ಹಿಡಿದಳು, ಮರವೂ ಅರ್ಧ ಹೋಗುತ್ತದೆಂದು. ಹೋಗಲಿಲ್ಲ! ಇಡೀ ಮರ ಹಾಗೇ ಇತ್ತು, ಸ್ವಲ್ಪ ಮಸುಕಾಗಿತ್ತಷ್ಟೆ. ಯಾಕೆ ಸಾರ್ ಎಂದು ಕೇಳುವಷ್ಟರಲ್ಲಿ, ರೀಡಿಂಗ್ ಬರ್ಕೊಂಡು ಜಾಗ ಬಿಡಿ ಎಂದರು ಮೇಷ್ಟ್ರು. ಹಿಂದೆ ನಾಲ್ಕು ಗುಂಪು ಕಾಯುತ್ತಿದ್ದವು. ಮರದ ಪ್ರತಿಯೊಂದು ಎಲೆಯಿಂದ ಹೊರಟ ಬೆಳಕು ಮಸೂರದ ಎಲ್ಲ ಭಾಗಕ್ಕೂ ಬೀಳುತ್ತದೆ. ಅರ್ಧ ಮುಚ್ಚಿದರೂ ಉಳಿದರ್ಧ ಇಡೀ ಚಿತ್ರವನ್ನು ಕಟ್ಟುತ್ತದೆ, ಬೆಳಕು ಮಾತ್ರ ಕಡಿಮೆಯಾಗುತ್ತದೆ. ಇದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಇಂದಿನ ಹತ್ತನೇ ತರಗತಿಯ ಬೆಳಕಿನ ಪಾಠದ ಅಭ್ಯಾಸದಲ್ಲಿ ಇದೇ ಪ್ರಶ್ನೆ ಇರುವುದು ನೋಡಿದಾಗಲೆಲ್ಲ ಗೆಳತಿಯ ಅಂಗೈ ಕಣ್ಣಿಗೆ ಕಟ್ಟುತ್ತದೆ.

ಬ್ರಿಸ್ಬೇನಿನ ರಸಾಯನವಿಜ್ಞಾನ ವಿದ್ಯಾರ್ಥಿಗಳ ನಡುವೆ ಕ್ಯಾಂಬೆಲ್ ಮೆಕ್‌ರಾಬಿ ಮತ್ತು ಫ್ರೇಸರ್ ನಡೆಸಿದ ಅಧ್ಯಯನ, 1993ರಲ್ಲಿ ಪ್ರಕಟವಾದದ್ದು, ಇನ್ನೊಂದು ಮಾತು ಸೇರಿಸುತ್ತದೆ. ಪ್ರಯೋಗಕ್ಕೂ ಪಾಠಕ್ಕೂ ನಂಟಿದೆ ಎಂದು ಮಕ್ಕಳಿಗೆ ಅನ್ನಿಸಿದ ತರಗತಿಗಳಲ್ಲಿ ವಿಷಯದ ಮೇಲೆ ಒಲವೂ ಹೆಚ್ಚಿತ್ತು. ಈ ಒಂದೇ ಅಧ್ಯಯನದಿಂದ, ನಂಟು ಬೆಸೆದರೆ ಒಲವು ಬಂದೇ ಬರುತ್ತದೆ ಎನ್ನಲಾಗದು. ಎರಡೂ ಜೊತೆಜೊತೆಗೆ ಕಂಡವು ಎನ್ನಬಹುದು.

ಈ ಪ್ರಶ್ನಾವಳಿಗೆ ಎರಡು ರೂಪಗಳಿವೆ. ಒಂದು ಲ್ಯಾಬ್ ಈಗ ಹೇಗಿದೆ ಎಂದು ಕೇಳುತ್ತದೆ, ಇನ್ನೊಂದು ಹೇಗಿದ್ದರೆ ಚೆನ್ನ ಎಂದು. ಹೆಸರು ಬರೆಸದೆ ಎರಡನ್ನೂ ತುಂಬಿಸಿ, ಅಂಕಗಳನ್ನು ಪಕ್ಕಪಕ್ಕ ಇಟ್ಟರೆ ಅಂತರ ಎಲ್ಲಿ ದೊಡ್ಡದೆಂದು ಶಿಕ್ಷಕರಿಗೇ ಕಾಣುತ್ತದೆ. ಅಂತರ ಸಲಕರಣೆಯಲ್ಲಿದ್ದರೆ ಅನುದಾನ ಬೇಕು. ನಂಟಿನಲ್ಲಿದ್ದರೆ ಮಸೂರದ ಪ್ರಯೋಗವನ್ನು ಬೆಳಕಿನ ಪಾಠ ನಡೆಯುವ ವಾರಕ್ಕೇ ತಂದರಾಯಿತು. ಹುಡುಕುವ ಅವಕಾಶದಲ್ಲಿದ್ದರೆ, ಮಸೂರಕ್ಕೆ ಕೈ ಅಡ್ಡ ಹಿಡಿದ ಹುಡುಗಿಗೆ ಇನ್ನೂ ಐದು ನಿಮಿಷ ಕೊಡಬೇಕು.