ಉದುರದ ಕೂದಲಿಗೂ ಬಾಚಣಿಗೆ ಬೇಕೆ?

ಪ್ರಶ್ನೆ: ಲ್ಯಾಬ್ರಡೂಡಲ್ ಮರಿ ತರುತ್ತಿದ್ದೇವೆ. ಕೂದಲು ಉದುರುವುದಿಲ್ಲವಂತೆ, ಆರೈಕೆ ಸುಲಭವೇ?

ಉತ್ತರ: ಸುಲಭವಲ್ಲ, ಆರೈಕೆ ಹೆಚ್ಚೇ ಬೇಕು. ಕೂದಲು ಉದುರುವುದಿಲ್ಲವೆಂಬ ಖಾತ್ರಿಯೂ ಇಲ್ಲ. 1989ರ ಹೊತ್ತಿಗೆ ಆಸ್ಟ್ರೇಲಿಯಾದ ವಾಲಿ ಕಾನ್ರನ್ ಲ್ಯಾಬ್ರಡಾರನ್ನೂ ಪೂಡಲನ್ನೂ ಕೂಡಿಸಿ ಮರಿ ಪಡೆದದ್ದು, ಪತಿಗೆ ನಾಯಿಕೂದಲಿನ ಅಲರ್ಜಿಯಿದ್ದ ಅಂಧ ಮಹಿಳೆಯೊಬ್ಬರಿಗಾಗಿ. ಒಂದೇ ಸೂಲಿನ ಮೂರು ಮರಿಗಳಲ್ಲಿ ಆ ಪತಿಗೆ ಒಗ್ಗಿದ್ದು ಒಂದೇ. ಮಿಶ್ರತಳಿಯ ಮರಿಗೆ ಯಾರ ಕೂದಲು ಬರುತ್ತದೆಂದು ಮೊದಲೇ ಹೇಳಲಾಗದು. ಪೂಡಲ್‌ನ ಗುಂಗುರು ಬಂದರೆ ಸತ್ತ ಕೂದಲು ನೆಲಕ್ಕೆ ಬೀಳದೆ ಒಳಗೇ ಸಿಕ್ಕಿಕೊಂಡು, ಕಿವಿಯ ಹಿಂದೆ, ಕಂಕುಳಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ ಗಂಟುಗಟ್ಟಿ ಚರ್ಮವನ್ನು ಜಗ್ಗುತ್ತದೆ. ಬೋಳಿಸಿದರಾಯಿತಲ್ಲ ಎನ್ನಬಹುದು, ಯಂತ್ರದ ಸದ್ದು ರೂಢಿಯಿಲ್ಲದ ನಾಯಿ ಅದಕ್ಕೂ ಬೆದರುತ್ತದೆ. ಹಾಗಾಗಿ ಮರಿ ಬರುವ ಮೊದಲೇ ಸ್ಟೀಲ್ ಬಾಚಣಿಗೆ ತಂದಿಡಿ. ಮೊದಲ ವಾರದಿಂದಲೇ ದಿನಕ್ಕೆರಡು ನಿಮಿಷ ಬುಡದವರೆಗೆ ಬಾಚಿ. ಗಂಟು ಬಿಡಿಸದೆ ಮಾತ್ರ ಸ್ನಾನ ಮಾಡಿಸಬೇಡಿ, ನೀರು ಬಿದ್ದರೆ ಅದು ಇನ್ನಷ್ಟು ಬಿಗಿಯುತ್ತದೆ.