ವಕ್ರಪಾದ: ಗರ್ಭದಲ್ಲಿ ಮೂಡುವ ದೋಷ, ಶೈಶವದಲ್ಲೇ ಪರಿಹಾರ

ಸುಮಾರು ಸಾವಿರ ಶಿಶುಗಳಲ್ಲಿ ಒಂದು ಶಿಶು ವಕ್ರಪಾದದೊಂದಿಗೆ ಜನಿಸುತ್ತದೆ. ಜನರು ಇದನ್ನು ಸೊಟ್ಟಪಾದವೆಂದೂ ವೈದ್ಯರು ಕ್ಲಬ್ ಫುಟ್ ಎಂದೂ ಕರೆಯುತ್ತಾರೆ. ಹಿಮ್ಮಡಿ ಮೇಲಕ್ಕೆ ಸೆಳೆದುಕೊಂಡು, ಅಂಗಾಲು ಒಳಮುಖವಾಗಿ ತಿರುಗಿರುವುದು ಇದರ ಲಕ್ಷಣ. ಗಂಡು ಶಿಶುಗಳಲ್ಲಿ ಈ ದೋಷ ಸುಮಾರು ಎರಡು ಪಟ್ಟು ಹೆಚ್ಚು. ಸುಮಾರು ಅರ್ಧದಷ್ಟು ಶಿಶುಗಳಲ್ಲಿ ಎರಡೂ ಪಾದಗಳು ಸೊಟ್ಟಗಿರುತ್ತವೆ.

ಗರ್ಭದಲ್ಲಿ ಪಾದದ ರಚನೆ

ಭ್ರೂಣದ ನಾಲ್ಕನೆಯ ವಾರದ ಕೊನೆಗೆ ಕಾಲುಗಳು ಚಿಕ್ಕ ಮೊಗ್ಗುಗಳಂತೆ ಕಾಣಿಸಿಕೊಳ್ಳುತ್ತವೆ. ಎಂಟನೆಯ ವಾರದ ವೇಳೆಗೆ ಕಾಲ್ಬೆರಳುಗಳು ಬೇರೆಬೇರೆಯಾಗುತ್ತವೆ. ಆಗ ಪಾದದಲ್ಲಿ ಗಟ್ಟಿ ಮೂಳೆ ಇರುವುದಿಲ್ಲ; ಮೂಳೆಯ ಆಕಾರದ ಮೃದ್ವಸ್ಥಿ ಮಾತ್ರ ಇರುತ್ತದೆ. ಹಿಮ್ಮಡಿಯ ಮೂಳೆ ಗರ್ಭದ ಮಧ್ಯಭಾಗದ ನಂತರ ಗಟ್ಟಿಯಾಗತೊಡಗುತ್ತದೆ. ಪಾದದ ಕೆಲವು ಮೂಳೆಗಳು ಜನನದ ನಂತರವೂ ಮೃದ್ವಸ್ಥಿಯಾಗಿಯೇ ಉಳಿದಿರುತ್ತವೆ.

ವಕ್ರಪಾದವುಳ್ಳ ಭ್ರೂಣದಲ್ಲಿ ಮೂಳೆಗಳ ಸಂಖ್ಯೆ ಸಾಮಾನ್ಯವಾಗಿ ಕಡಿಮೆಯಿರುವುದಿಲ್ಲ. ಅವುಗಳ ಆಕಾರ ಮತ್ತು ಜೋಡಣೆ ಬದಲಾಗಿರುತ್ತವೆ. ಕಣಕಾಲಿನ ಮೂಳೆ ಚಿಕ್ಕದಾಗಿದ್ದು, ಅದರ ಮುಂದಿನ ಮೂಳೆ ಒಳಕ್ಕೆ ಸರಿದಿರುತ್ತದೆ. ಮೀನಖಂಡದ ಸ್ನಾಯುಗಳು ಸಣ್ಣವಾಗಿದ್ದು, ಹಿಮ್ಮಡಿಯ ಸ್ನಾಯುರಜ್ಜು ಗಿಡ್ಡವಾಗಿರುತ್ತದೆ. ಒಳಬದಿಯ ಕಟ್ಟುಗಳು ಬಿಗಿದು ಪಾದವನ್ನು ಒಳಕ್ಕೆ ಎಳೆದಿಡುತ್ತವೆ.

ತಪ್ಪು ನಂಬಿಕೆ ಬೇಡ

ಗ್ರಹಣದ ಸಮಯದಲ್ಲಿ ಗರ್ಭಿಣಿ ಹೊರಗೆ ಬಂದುದರಿಂದ ಈ ದೋಷ ಉಂಟಾಯಿತೆಂಬ ಮಾತಿಗೆ ಆಧಾರವಿಲ್ಲ. ಇದರಲ್ಲಿ ಅನುವಂಶೀಯತೆಯ ಪಾತ್ರವಿದೆ. ಆದರೆ ಬಹುಪಾಲು ಶಿಶುಗಳಲ್ಲಿ ಯಾವುದೇ ಒಂದು ಕಾರಣವನ್ನು ಬೆರಳಿಟ್ಟು ತೋರಿಸಲಾಗದು. ತಾಯಿಯನ್ನು ದೂಷಿಸುವುದು ಅನ್ಯಾಯ. ಕೆಲವೊಮ್ಮೆ ಬೆನ್ನುಹುರಿಯ ದೋಷವೂ ಜೊತೆಗಿರಬಹುದಾದ್ದರಿಂದ ಶಿಶುವಿನ ಬೆನ್ನು ಮತ್ತು ಸೊಂಟದ ಕೀಲುಗಳ ಪರೀಕ್ಷೆಯೂ ಅಗತ್ಯ.

ಚಿಕಿತ್ಸೆಯ ಕ್ರಮ

ಎಳೆಯ ಮೃದ್ವಸ್ಥಿ ಬಾಗುವ ಗುಣವುಳ್ಳದ್ದು. ಚಿಕಿತ್ಸೆ ಬೇಗ ಆರಂಭವಾಗಬೇಕೆಂಬುದಕ್ಕೆ ಇದೇ ಮುಖ್ಯ ಕಾರಣ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ವೈದ್ಯ ಇಗ್ನೇಷಿಯೋ ಪೊನ್ಸೆಟಿ ರೂಪಿಸಿದ ವಿಧಾನ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಜನಿಸಿದ ಮೊದಲ ವಾರಗಳಲ್ಲೇ ಪಾದವನ್ನು ಮೃದುವಾಗಿ ತಿದ್ದಿ, ಬೆರಳಿನಿಂದ ತೊಡೆಯವರೆಗೆ ಪ್ಲಾಸ್ಟರ್ ಹಾಕಲಾಗುತ್ತದೆ. ವಾರಕ್ಕೊಮ್ಮೆ ಅದನ್ನು ಬದಲಾಯಿಸುತ್ತಾ ಹೋದರೆ ಸಾಮಾನ್ಯವಾಗಿ 5ರಿಂದ 7 ಪ್ಲಾಸ್ಟರ್‌ಗಳಲ್ಲಿ ಪಾದ ನೇರವಾಗುತ್ತದೆ. ಹೆಚ್ಚಿನ ಶಿಶುಗಳಿಗೆ ಗಿಡ್ಡವಾದ ಸ್ನಾಯುರಜ್ಜುವನ್ನು ಸಣ್ಣ ಶಸ್ತ್ರಕ್ರಿಯೆಯಿಂದ ಬಿಡಿಸಿ, 3 ವಾರ ಕೊನೆಯ ಪ್ಲಾಸ್ಟರ್ ಇಡಲಾಗುತ್ತದೆ. ಅಷ್ಟರಲ್ಲಿ ರಜ್ಜು ಸರಿಯಾದ ಉದ್ದದಲ್ಲಿ ಕೂಡಿಕೊಳ್ಳುತ್ತದೆ.

ಅನಂತರ ಪಟ್ಟಿಗೆ ಜೋಡಿಸಿದ ವಿಶೇಷ ಪಾದರಕ್ಷೆಯನ್ನು 3 ತಿಂಗಳು ದಿನಕ್ಕೆ 23 ಗಂಟೆ, ಮುಂದೆ ಸುಮಾರು 4 ವರ್ಷ ವಯಸ್ಸಿನವರೆಗೆ ನಿದ್ರೆಯ ವೇಳೆ ತೊಡಿಸಬೇಕು. ಪಾದ ನೇರವಾಯಿತೆಂದು ಇದನ್ನು ನಡುವೆ ಕೈಬಿಡುವುದೇ ದೋಷ ಮರುಕಳಿಸಲು ಪ್ರಮುಖ ಕಾರಣ.

ಎಲ್ಲಿ ವಿಚಾರಿಸಬೇಕು?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ತಪಾಸಣೆಗೆ ಒಳಪಡುವ ಜನ್ಮದೋಷಗಳಲ್ಲಿ ವಕ್ರಪಾದವೂ ಸೇರಿದೆ. ಈ ಕಾರ್ಯಕ್ರಮದಲ್ಲಿ ಚಿಕಿತ್ಸೆ ಉಚಿತ. ಯಾವ ರಾಜ್ಯದಲ್ಲಿ ವಾಸವಿದ್ದರೂ ಪೋಷಕರು ಆಶಾ ಕಾರ್ಯಕರ್ತೆಯನ್ನು ಅಥವಾ ಹತ್ತಿರದ ಸರ್ಕಾರಿ ಆಸ್ಪತ್ರೆಯನ್ನು ಸಂಪರ್ಕಿಸಬಹುದು. ಮಗು ನಡೆಯಲು ಆರಂಭಿಸಲಿ ಎಂದು ಕಾಯದೆ ಮೊದಲ ವಾರಗಳಲ್ಲೇ ಚಿಕಿತ್ಸೆ ಕೊಡಿಸಿದರೆ, ಬಹುಪಾಲು ಮಕ್ಕಳು ಇತರರಂತೆಯೇ ನಡೆದು, ಓಡಿ, ಆಡಬಲ್ಲರು.